ಮೀಸೆಗೆ ಬಿದ್ದ ಗುದ್ದು

ಕೊಬ್ಬರಿ ಕಾಯಿ ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗುಡುಗುಡು ಎಂದರೆ ಕೊಬ್ಬರಿ ಹದವಾಗಿದೆ ಎಂದರ್ಥ. ತಿಪಟೂರಿನ ಕೊಬ್ಬರಿ ಮಂಡಿಯ ಪರಮೇಶ, ಕಿಬ್ಬನಹಳ್ಳಿ ಕ್ರಾಸಿನಲ್ಲಿ ವಿಡಿಯೋ ಗೇಮ್ ಕೊಳ್ಳುವಾಗಲೂ ಹಾಗೇ ಮಾಡಿದ. ಎಲ್ಲಕ್ಕಿಂತ ಜೋರಾಗಿ ಗುಡುಗುಟ್ಟಿದ ಪೆಟ್ಟಿಗೆಯನ್ನೇ ಆರಿಸಿ ತಂದ. ಅದು ಯಾವ ದೇಶದ್ದು, ಯಾವ ಕಂಪನಿಯದು ಎಂದು ಮಾರಿದವನಿಗೂ ಗೊತ್ತಿರಲಿಲ್ಲ.

"ಸದ್ದು ಬತ್ತದೆ ಅಂದ್ರೆ ಒಳಗೇನೋ ಬಿಚ್ಕೊಂಡದೆ ಕಣ್ಲಾ," ಎಂದ ಪಕ್ಕದ ಅಂಗಡಿಯ ಟಿವಿ ಮೆಕ್ಯಾನಿಕ್ ನವಾಜ್. "ಇದ್ರಲ್ಲಿ ನೀನು ಹೊಡೆದಾಟದ ಆಟ ಗೆದ್ರೆ ನನ್ ಮೀಸೆ ತಗಿಸ್ತೀನಿ."

"ಸಂಜೆ ಒಳಗೆ ಗೆಲ್ದಿದ್ರೆ ನಂದು ತಗಿಸ್ತೀನಿ, ಬುಡು!"

ಅಂದಮೇಲೆ ಪರಮೇಶನಿಗೆ ನೆನಪಾಯಿತು: ನಾಳೆ ದಂಡಿನಶಿವರಕ್ಕೆ ಹೆಣ್ಣು ನೋಡಲು ಹೋಗಬೇಕು. ಹುಡುಗಿ ವರ್ಷಿಣಿ ಫೋಟೋದಲ್ಲಿ ಮೆಚ್ಚಿದ್ದು ಆ ಮೀಸೆಯೊಂದನ್ನೇ. ಆದರೆ ಅಷ್ಟರಲ್ಲಿ ಬೀದಿಗೆ ಬೀದಿಯೇ ಮಂಡಿಗೆ ಬಂದು ಮೂಟೆಗಳ ಮೇಲೆ ಕೂತಾಗಿತ್ತು. ಕ್ಷೌರದ ಲಕ್ಕಯ್ಯನಂತೂ ಕತ್ತಿ ಸಮೇತ ಹಾಜರು.

ಮಂಡಿಯ ಕಪ್ಪು-ಬಿಳುಪು ಟಿವಿಯಲ್ಲಿ ಆಟ ಶುರುವಾಯಿತು. ತೆರೆಯ ಮೇಲೆ ಮೂರನೆಯ ರೌಡಿ ಬಂದರೆ ಮೊದಲನೆಯವನು ಮಾಯ. ನಾಲ್ಕನೆಯವನು ಕಾಣದೆಯೇ ಗುದ್ದುತ್ತಿದ್ದ. ಗುಂಪು ಸೇರಿದರೆ ಎಲ್ಲರೂ ಕೆಸರಿಗಿಳಿದ ಎಮ್ಮೆಗಳ ಹಾಗೆ ನಿಧಾನ.

"ಹೊ...ಡೀ...ತೀ...ನಿ... ಊ...ಟ... ಮಾ...ಡ್ಕಂ...ಡ್... ಬಾ..." ಎಂದು ನವಾಜ್ ಅಣಕಿಸಿದ.

ಸಂಗೀತ ಬಂದಾಗ ಗುದ್ದಿಗೆ ಸದ್ದೇ ಇಲ್ಲ. ಪರಮೇಶ ಬಾಯಲ್ಲೇ "ಡಿಶುಂ" ಎನ್ನಬೇಕಾಯಿತು.

"ಎಲ್ರೂ ಒಂದೇ ತಾಯಿ ಮಕ್ಕಳಂಗವ್ರಲ್ಲೋ," ಎಂದರು ಪರಮೇಶನ ತಾಯಿ ಶಿವರುದ್ರಮ್ಮ. "ಅಣ್ಣತಮ್ಮಂದ್ರು ಯಾಕ್ ಹಿಂಗೆ ಬಡ್ಕೋತವ್ರೆ?"

"ಮುಖ ಒಂದೇ, ಅಂಗಿ ಬೇರೆ ಕಣವ್ವ! ನಂದು ಕೆಂಪು, ಅವಂದು ನೀಲಿ. ಡಬ್ಬಿ ಮ್ಯಾಲೆ ಹಾಕವ್ರೆ, ನೋಡು."

"ನನ್ ಕಣ್ಗೇನೋ ಯಲ್ಡೂ ಬೂದಿ ಬಣ್ಣ."

"ಸುಮ್ನಿರವ್ವ, ಮೀಸೆ ವಿಷಯ!"

ಹೊತ್ತು ಮುಳುಗುವ ಮುಂಚೆ ಕೊನೆಯ ಖಳನಾಯಕ ಎದುರಾದ. ಇಬ್ಬರೂ ತಬ್ಬಿದರು, ಮಾಯವಾದರು, ಮತ್ತೆ ಮೂಡಿದರು. ಪರಮೇಶ ಗುಂಡಿಗಳನ್ನು ಒನಕೆಯಂತೆ ಕುಟ್ಟಿದ. ಒಬ್ಬ ದೊಪ್ಪನೆ ಬಿದ್ದ.

"ಗೆದ್ದೆ!" ಪರಮೇಶ ಜಾಯ್‌ಸ್ಟಿಕ್ಕನ್ನು ಎಸೆದು ಕೊಬ್ಬರಿ ಮೂಟೆ ಹತ್ತಿ ಮೀಸೆ ತಿರುವಿದ. ಬೀದಿ ಶಿಳ್ಳೆ ಹೊಡೆಯಿತು. ನವಾಜ್ ಹೋಗಿ ಲಕ್ಕಯ್ಯನ ಮುಂದೆ ಕುಳಿತ. ಸೋಪಿನ ನೊರೆ ಬಿತ್ತು. ಕತ್ತಿ ಮೂಗಿನ ಕೆಳಗೆ ಬಂತು.

"ಲೇ ಪರಮೇಶ," ಶಿವರುದ್ರಮ್ಮ ಟಿವಿಯತ್ತ ಕೈ ತೋರಿಸಿದರು. "ನೀನು ಇಲ್ಲಿ ನಿಂತಿದೀಯ. ಮತ್ತೆ ಅವನ್ನ ಯಾರು ಕುಣಿಸ್ತಾವ್ರೆ?"

ತೆರೆಯ ಮೇಲೆ, ಗೆದ್ದವನು ತನ್ನಷ್ಟಕ್ಕೆ ತಾನೇ ಆ ಕಡೆ ಈ ಕಡೆ ಓಡಾಡುತ್ತ, ಬಿದ್ದವನನ್ನು ಒದೆಯುತ್ತಿದ್ದ. ಜಾಯ್‌ಸ್ಟಿಕ್ ಮೂಲೆಯಲ್ಲಿ ಅನಾಥವಾಗಿ ಬಿದ್ದಿತ್ತು. ಒದೆ ತಿನ್ನುತ್ತಿದ್ದವನೇ ಪರಮೇಶನ ಕೆಂಪಂಗಿಯವನು.

ಲಕ್ಕಯ್ಯ ನವಾಜನ ತುಟಿ ಒರೆಸಿ, ಬ್ರಶ್ಶನ್ನು ಮತ್ತೆ ನೀರಿಗೆ ಅದ್ದಿದ. "ಬನ್ನಿ ಪರಮೇಶಪ್ಪ. ನೀರು ಆರೋಗ್ತದೆ."

ನವಾಜ್ ಎದ್ದವನೇ ವೈರು ಕಿತ್ತು, ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು, ಥೇಟ್ ಪರಮೇಶನಂತೆಯೇ ಕಣ್ಣು ಮುಚ್ಚಿ ಅಲ್ಲಾಡಿಸಿದ.

"ಗುಡುಗುಡು ಅಂತದೆ, ಲಕ್ಕಯ್ಯ. ಹದವಾಗದೆ. ಕೊಯ್ಯಿ."