ಪ್ಲಗ್ಗು ಆರಿಸಿದವರ ಬೈಕು

ಮಾವನವರ ಕಾಲದ ಬೈಕಿಗೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನು ನಾನೇ ಆರಿಸುತ್ತೇನೆ ಎಂದು ಘೋಷಿಸಿದ ದಿನ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮವರು ಸಾಕ್ಸಿನ ಜೋಡಿ ಹುಡುಕುತ್ತಿದ್ದರು. ಅತ್ತೆ ಹೊಸ ಪರದೆ ಹೊಲಿಯುತ್ತಿದ್ದರು. ಚರಿತ್ರೆಯ ದೊಡ್ಡ ಘೋಷಣೆಗಳಿಗೆಲ್ಲ ಮೊದಲು ಸಿಕ್ಕಿದ್ದು ಇಂಥ ಸ್ವಾಗತವೇ. ಕಾಲೇಜಿನಲ್ಲಿ ನಾನು ಕಲಿಸುವ ವಿಷಯವೂ ಚರಿತ್ರೆಯೇ ಆದ್ದರಿಂದ ಬೇಸರಪಡಲಿಲ್ಲ.

"ಭಾನುವಾರ ಗುಜರಿಯವನು ಬರ್ತಾನೆ. ಮಾತಾಗಿದೆ," ಎಂದರು ನಮ್ಮವರು.

"ಅಷ್ಟರೊಳಗೆ ಸ್ಟಾರ್ಟ್ ಆದ್ರೆ?"

"ನೀನು ಆರಿಸಿದ ಪ್ಲಗ್ಗಿಂದ ಸ್ಟಾರ್ಟ್ ಆದ್ರೆ ಬೈಕು ನಿಂದೇ. ಮಾರೋ ಮಾತೇ ಎತ್ತಲ್ಲ."

"ಅತ್ತೆ, ನೀವೇ ಸಾಕ್ಷಿ!"

"ಪ್ಲಗ್ಗು ಆರಿಸಿದವರಿಗೆ ಬೈಕು. ಕೇಳಿಸ್ಕೊಂಡೆ," ಎಂದ ಅತ್ತೆ ಹಲ್ಲಿನಿಂದ ದಾರ ಕಡಿದರು.

ನನಗೆ ಆ ಬೈಕು ಉಳಿಯಲೇಬೇಕಿತ್ತು. ನಮ್ಮವರ ಸ್ಕೂಟರ್ ಅವರ ಆಫೀಸಿಗೆ ಹೋಗುತ್ತಿತ್ತು. ಬೈಕು ಮುನಿಸಿಕೊಂಡ ಮೇಲೆ ನನಗೆ ಕಾಲೇಜಿಗೆ ಬಸ್ಸೇ ಗತಿ. ಆ ಬಸ್ಸಿನಲ್ಲಿ ನಾನು ನಿಂತು ಹೋಗುತ್ತಿದ್ದೆ ಎನ್ನಲಾರೆ. ನಿಲ್ಲಲು ಎರಡು ಪಾದ ಬೇಕು, ಅಲ್ಲಿ ಒಂದಕ್ಕಷ್ಟೇ ಜಾಗ. ಬೈಕಿನಲ್ಲಿ ಹೋಗುವಾಗ ಬೆಳಗಿನ ಮರಗಳ ನೆರಳು ಒಂದೊಂದಾಗಿ ತೋಳ ಮೇಲೆ ಹಾದುಹೋಗುತ್ತದೆ. ಬಸ್ಸಿನಲ್ಲಿ ಹಾದುಹೋಗುವುದು ಬೇರೆಯವರ ಊಟದ ಡಬ್ಬಿ.

ಸಂಶೋಧನೆಗೆ ಕುಳಿತೆ. ಪ್ಲಗ್ಗುಗಳಲ್ಲಿ ಬಿಸಿ ಸ್ವಭಾವದ್ದು, ತಂಪು ಸ್ವಭಾವದ್ದು ಎಂಬ ಭೇದವಿದೆ. ತಿರುಪಿನ ಭಾಗ ಉದ್ದವಾದರೆ ಒಳಗಿನ ಪಿಸ್ಟನ್ನಿಗೆ ತಲೆ ಹೊಡೆದುಕೊಳ್ಳುತ್ತದೆ, ಗಿಡ್ಡವಾದರೆ ಕಿಡಿ ಎಟಕುವುದಿಲ್ಲ. ಡಾಕ್ಟರು ನಾಲಗೆ ನೋಡಿ ರೋಗ ಹೇಳುವಂತೆ ಪ್ಲಗ್ಗಿನ ತುದಿ ನೋಡಿ ಎಂಜಿನ್ನಿನ ಆರೋಗ್ಯ ಹೇಳಬಹುದು. ಬಿಸ್ಕತ್ತಿನ ಬಣ್ಣವಿದ್ದರೆ ಕ್ಷೇಮ, ಮಸಿಯಾದರೆ ಅಜೀರ್ಣ, ಬೆಳ್ಳಗಾದರೆ ಜ್ವರ.

"ಹಳೇ ಪ್ಲಗ್ಗಿನ ಮೇಲೆ ನಂಬರ್ ಇರುತ್ತಲ್ಲೇ, ಅದನ್ನೇ ತಂದ್ರಾಯ್ತು," ಎಂದರು ನಮ್ಮವರು.

"ಇಷ್ಟು ವರ್ಷ ತಪ್ಪು ಪ್ಲಗ್ಗೇ ಹಾಕಿರಬಹುದು ರೀ. ಪರಿಶೀಲಿಸದೆ ಯಾವ ಆಧಾರವನ್ನೂ ನಂಬಬಾರದು."

"ಸರಿ, ಪರಿಶೀಲಿಸು. ನನ್ನ ಇನ್ನೊಂದು ಸಾಕ್ಸ್ ಎಲ್ಲಿ ಅಂತಾನೂ ಪರಿಶೀಲಿಸು."

ಬಿಡಿಭಾಗಗಳ ಅಂಗಡಿಯವನು ಒಂದು ಡಬ್ಬಿ ಎಸೆದು, "ಎಲ್ಲಾ ಬೈಕಿಗೂ ಇದೇ ಹೋಗುತ್ತೆ ಮೇಡಂ," ಎಂದ. ಎಲ್ಲಾ ಬೈಕಿಗೂ! ಎಲ್ಲಾ ಪಾದಕ್ಕೂ ಒಂದೇ ಚಪ್ಪಲಿ ಎಂದಂತೆ! ನಾನು ಉಷ್ಣದಿಂದ ಆರಂಭಿಸಿ ತಿರುಪಿನ ಉದ್ದದವರೆಗೆ ವಿವರಿಸಿದೆ. ನನ್ನ ಹಿಂದೆ ಸಾಲು ಬೆಳೆಯಿತು.

"ಮೇಡಂ, ಎಂಜಿನ್ನನ್ನೂ ನೀವೇ ಎರಕ ಹುಯ್ತೀರಾ?" ಎಂದ ಒಬ್ಬ ಲಾರಿ ಡ್ರೈವರ್, ಬಹಳ ವಿನಯದಿಂದ.

ಕೊನೆಗೆ ನನಗೆ ಬೇಕಾದ ನಂಬರಿನ ಪ್ಲಗ್ಗು ಅಟ್ಟದಿಂದ ಇಳಿಯಿತು. ಅದನ್ನು ಹಸುಗೂಸಿನಂತೆ ಮನೆಗೆ ತಂದೆ.

ಇನ್ನು ಹಳೆಯ ಪ್ಲಗ್ಗುಗಳ ಜೊತೆ ಹೋಲಿಸಿ ನೋಡುವ ಕೆಲಸ. ಅವು ಇದ್ದದ್ದು ಅತ್ತೆಯ ಬಟ್ಟಲಿನಲ್ಲಿ. ಬೈಕು ಕೈಕೊಟ್ಟಾಗಲೆಲ್ಲ ನಮ್ಮವರು ಹೊಸ ಪ್ಲಗ್ಗು ಹಾಕಿ ಹಳೆಯದನ್ನು ಕಿಟಕಿಯ ಕಟ್ಟೆಯ ಮೇಲೆ ಬಿಸಾಡುತ್ತಿದ್ದರು. ಅತ್ತೆ ಏನನ್ನೂ ಎಸೆಯುವವರಲ್ಲ. ಕಿಟಕಿಯ ಪರದೆ ಗಾಳಿಗೆ ಹಾರಿ ಅವರ ಟೀ ಲೋಟ ಉರುಳಿಸುತ್ತಿತ್ತು. ಅದಕ್ಕೆ ಪರದೆಯ ಕೆಳಗಿನ ಮಡಿಕೆಯಲ್ಲಿ ಭಾರಕ್ಕೆಂದು ಪ್ಲಗ್ಗುಗಳನ್ನಿಟ್ಟು ಹೊಲಿದುಬಿಟ್ಟಿದ್ದರು. ಈಗ ಹೊಸ ಪರದೆಗೆ ಹಾಕಲು ಅವನ್ನೆಲ್ಲ ಬಿಚ್ಚಿಟ್ಟಿದ್ದರು.

"ನೋಡ್ಕೊಂಡು ಕೊಡು. ಒಂದೂ ಕಳೀಬೇಡ," ಎಂದರು.

ಬೈಕಿನಿಂದ ಆಗಷ್ಟೇ ಬಿಚ್ಚಿದ ಮಸಿ ಮೋರೆಯ ಪ್ಲಗ್ಗನ್ನೂ ಅವುಗಳ ಜೊತೆ ಸೇರಿಸಿ, ಪೆಟ್ರೋಲಿನಲ್ಲಿ ಅದ್ದಿ, ಮರಳು ಕಾಗದದಿಂದ ಉಜ್ಜಿದೆ. ಉಜ್ಜಿದಂತೆ ನಂಬರುಗಳು ಮೂಡಿದವು. ಎಲ್ಲದರ ಮೇಲೂ ನಾನು ಸಂಶೋಧಿಸಿ ತಂದ ನಂಬರೇ ಇತ್ತು. ನಮ್ಮವರು ಮೀಸೆ ಸವರಿಕೊಂಡರು. ಆ ಮೀಸೆಯನ್ನು ಇಳಿಸಲೆಂದೇ ಪಾಠ ಶುರುಮಾಡಿದೆ.

"ನೋಡಿ ರೀ, ಹೊಸ ಪ್ಲಗ್ಗಿನ ತುದಿಯ ಅಂಚು ಚೂಪಾಗಿರುತ್ತೆ. ಹಳೇದು ಉರಿದು ಉರಿದು ದುಂಡಗಾಗಿರುತ್ತೆ. ನೆನಪಿಟ್ಕೊಳ್ಳಿ."

"ಇಟ್ಕೊಂಡೆ," ಎಂದರು.

ಹೊಸದು ಹಳೆಯದು ಎಲ್ಲವನ್ನೂ ಅಂಗಳದಲ್ಲಿ ಪೇಪರಿನ ಮೇಲೆ ಒಣಗಲಿಟ್ಟು, ಬಿಚ್ಚಿದೊಡನೆ ವಾಪಸ್ ಕೊಟ್ಟಿದ್ದ ಪ್ಲಗ್ಗು ತಿರುಗಿಸುವ ಪಾನಾವನ್ನು ಮತ್ತೆ ತರಲು ಪಕ್ಕದ ಮನೆಗೆ ಹೋದೆ. ಬರುವಷ್ಟರಲ್ಲಿ ಪೇಪರಿನ ಮೇಲೆ ಒಂದೇ ಪ್ಲಗ್ಗು ಕೂತಿತ್ತು.

"ನಿನಗೊಂದು ಬಿಟ್ಟಿದೀನಿ ಕಣೇ!" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಪ್ಲಗ್ಗು ಸ್ವಲ್ಪ ಮಂಕಾಗಿ ಕಂಡಿತು. ಬಿಸಿಲಿಗಿರಬೇಕು ಅಂದುಕೊಂಡು ತಿರುಗಿಸಿ ಬಿಗಿದೆ. ಕಿಕ್ ಹೊಡೆದೆ. ಬೈಕು ಕೆಮ್ಮಿತು. ಮತ್ತೆ ಹೊಡೆದೆ. ಗುಡುಗಿತು! ಹೊಗೆಗೆ ಪಕ್ಕದ ಮನೆಯ ಕಿಟಕಿಗಳೆಲ್ಲ ಮುಚ್ಚಿಕೊಂಡವು. ನಮ್ಮವರು ಗುಜರಿಯವನಿಗೆ ಫೋನ್ ಮಾಡಿ, "ಬರೋದು ಬೇಡಪ್ಪಾ," ಎಂದರು.

ಆಮೇಲಿನ ದಿನಗಳಲ್ಲಿ ನನಗೆ ಕೊಂಬು ಮೂಡಿದ್ದು ನಿಜ. ಕಾಲೇಜಿನಲ್ಲಿ ಯಾರ ಗಾಡಿ ಕೆಮ್ಮಿದರೂ ನನ್ನನ್ನೇ ಕರೆಯುತ್ತಿದ್ದರು. ಕೆಮಿಸ್ಟ್ರಿ ಮೇಡಂ ತಮ್ಮ ಸ್ಕೂಟರಿನ ಪ್ಲಗ್ಗನ್ನು ಕರ್ಚೀಫಿನಲ್ಲಿ ಸುತ್ತಿ ತಂದು ತೋರಿಸಿದರು. ನಾನು ಕನ್ನಡಕ ಏರಿಸಿ, "ಅಜೀರ್ಣ," ಎಂದೆ.

ಪರದೆ ಒಗೆಯುವ ದಿನ ಬಂತು. ಅತ್ತೆ ಮಡಿಕೆಯ ಹೊಲಿಗೆ ಬಿಚ್ಚಿ ಪ್ಲಗ್ಗುಗಳನ್ನು ಮೇಜಿನ ಮೇಲೆ ಸುರಿದರು. ಪೇಪರ್ ಓದುತ್ತಿದ್ದ ನಮ್ಮವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದರ ಅಂಚು ಚೂಪಾಗಿದೆಯಲ್ಲೇ."

"ಯಾವುದರದು?"

"ಪರದೆಯೊಳಗಿದ್ದ ಪ್ಲಗ್ಗಿನದು."

ಓಡಿ ಬಂದು ನೋಡಿದೆ. ಒಂದು ಕಿಡಿಯನ್ನೂ ಕಾಣದ, ಅಂಚು ಮಾಸದ, ನಾನು ಆರಿಸಿ ತಂದ ಪ್ಲಗ್ಗು!

"ಅತ್ತೆ! ಅವತ್ತು ಇದನ್ಯಾಕೆ ತಗೊಂಡ್ರಿ?"

"ಹೊಸ ಪರದೆ ಅಲ್ವೇನೇ? ಕಲೆ ಆಗ್ಬಾರ್ದು ಅಂತ ಚೆನ್ನಾಗಿರೋವನ್ನೆಲ್ಲ ಆರಿಸ್ಕೊಂಡೆ. ಜಾಸ್ತಿ ಮಸಿ ಇದ್ದಿದ್ದನ್ನ ನಿನಗೆ ಬಿಟ್ಟೆ. ಬೈಕಿಗೆ ಯಾವುದಾದ್ರೇನು, ಹೊರಗೆ ಕಾಣುತ್ತಾ?"

ನಮ್ಮವರು ಪೇಪರು ಮಡಚಿದರು. "ಅಂದ್ರೆ ಬಿಚ್ಚಿದ್ದನ್ನೇ ಒರೆಸಿ ವಾಪಸ್ ಹಾಕಿದೀಯ."

ನಾನು ಹೊಸ ಪ್ಲಗ್ಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಹಾಗಾದ್ರೆ ನಮ್ಮ ಒಪ್ಪಂದ..." ಎಂದು ಅವರ ಕೈ ಫೋನಿನ ಕಡೆ ಸರಿಯಿತು. ನನ್ನ ಕಣ್ಣ ಮುಂದೆ ಬಸ್ಸು ಬಂತು. ಒಂದು ಪಾದದ ಜಾಗವೂ ಬಂತು.

"ಯಾರೂ ಯಾರಿಗೂ ಫೋನ್ ಮಾಡ್ಬೇಕಾಗಿಲ್ಲ," ಎಂದರು ಅತ್ತೆ, ಪರದೆಯನ್ನು ಬಕೆಟ್ಟಿಗೆ ಅದ್ದುತ್ತಾ. "ಪ್ಲಗ್ಗು ಆರಿಸಿದವರಿಗೆ ಬೈಕು ಅಂತ ತಾನೆ ಮಾತು? ಆರಿಸಿದ್ದು ನಾನು."

ನಮ್ಮವರ ಕೈ ಫೋನಿನಿಂದ ಹಿಂದೆ ಸರಿಯಿತು. ಅತ್ತೆ ನನ್ನ ಕಡೆ ತಿರುಗಿದರು.

"ಕೀ ಅಲ್ಲೇ ಮೊಳೆಗೆ ತಗುಲಿಹಾಕು. ಬೇಕಾದಾಗ ಕೇಳಿ ತಗೊಂಡು ಹೋಗು. ಮತ್ತೆ, ನಾಳೆ ಕಾಲೇಜಿಗೆ ಹೋಗ್ತಾ ನನ್ನನ್ನ ತಂಗಿ ಮನೆಗೆ ಬಿಡು."

ಈಗ ದಿನಾ ಬೆಳಿಗ್ಗೆ ಮರಗಳ ನೆರಳು ನನ್ನ ತೋಳ ಮೇಲೆ ಹಾದು, ಹಿಂದೆ ಕೂತ ಮಾಲೀಕರ ತೋಳ ಮೇಲೂ ಹಾದುಹೋಗುತ್ತದೆ. ತಿರುವು ಬಂದಾಗ ಮಾಲೀಕರು ನನ್ನ ಭುಜ ತಟ್ಟುತ್ತಾರೆ. ಓಡುವ ಬೈಕನ್ನು ಬಿಚ್ಚಕೂಡದು ಎಂಬುದು ಅವರ ಆಜ್ಞೆ. ಹೊಸ ಪ್ಲಗ್ಗು ಮತ್ತೆ ಪರದೆಯ ಮಡಿಕೆ ಸೇರಿದೆ. ಸಂಜೆ ಎಷ್ಟೇ ಗಾಳಿ ಬೀಸಲಿ, ಪರದೆ ಅಲ್ಲಾಡುವುದಿಲ್ಲ. ನನ್ನ ಆಯ್ಕೆಯಲ್ಲಿ ದೋಷವಿರಲಿಲ್ಲ.