ಎರಡು ಬೈಕು, ಒಂದು ಹಿಂದಿನ ಸೀಟು

ನ್ಯಾಯ ಕೇಳುವುದೇ ಕಸುಬಾದವನು ತರಕಾರಿ ತರಲು ಹೋದರೂ ಏನಾದರೊಂದು ಆಗಿಯೇ ತೀರುತ್ತದೆ. ನಾನಂತೂ ಬೈಕ್ ಕೊಳ್ಳಲು ಹೊರಟಿದ್ದೆ. ಎರಡು ಸಾವಿರದ ಮೂರನೇ ಇಸವಿ ಇರಬೇಕು. ಸೂರತ್ತಿನ ಉಡುಪಿ ಹೋಟೆಲ್ ಕೆಲಸಗಾರರನ್ನು ಸಂಘಟಿಸುತ್ತ ಊರೂರು ತಿರುಗುತ್ತಿದ್ದೆ. ಮನಸ್ಸಿಗೆ ಹಿಡಿಸಿದ್ದು ಎರಡು ಬೈಕು. ಒಂದು ಹಳೇ ಚೆಲುವಿನ, ಗುಡುಗುವ ಕಪ್ಪು ಬೈಕ್. ಅದರ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಇನ್ನೊಂದು ಎತ್ತರದ ಹ್ಯಾಂಡಲ್, ತಗ್ಗು ಸೀಟಿನ ಕೆಂಪು ಬೈಕ್. ಎಲ್ಲ ಬೈಕುಗಳಂತೆ ಗೇರ್ ಎಡಗಾಲಿಗೆ. ಹೆಂಡತಿಯ ಷರತ್ತು ಒಂದೇ: "ನಾನು ಹಿಂದೆ ಆರಾಮವಾಗಿ ಕೂರುವಂತಿರಬೇಕು. ಇಲ್ಲದಿದ್ದರೆ ಗಾಡಿಯೇ ಬೇಡ." ನ್ಯಾಯವಾದ ಬೇಡಿಕೆ. ಒಪ್ಪಿದೆ.

ಶೋರೂಮಿನಲ್ಲಿ ಧರಣಿ

ಸೂರತ್ತಿನದೇ ಅಡಾಜಣ್ ಬಡಾವಣೆಯ ಶೋರೂಮಿನಲ್ಲಿ ಕೆಂಪು ಬೈಕ್ ಓಡಿಸಿ ನೋಡುತ್ತೇನೆ ಎಂದೆ. "ಓಡಿಸೋ ಹಾಗಿಲ್ಲ ಕಾಕಾ, ನೋಡೋದು ಮಾತ್ರ" ಎಂದ ಮ್ಯಾನೇಜರ್. ಬಾಗಿಲಲ್ಲೇ ನೆಲಕ್ಕೆ ಕೂತೆ. ಚಹಾ ಕಳಿಸಿದ. ಕುಡಿದೆ, ಏಳಲಿಲ್ಲ. ಖಾಲಿ ಲೋಟ ಎತ್ತಲು ಬಂದ ಸೇಲ್ಸ್‌ಮನ್ ಕಿವಿಯಲ್ಲಿ ಹೇಳಿದ, "ಕಾಕಾ, ಹೇಗೂ ಕೂತಿದ್ದೀರಿ, ನಮಗೂ ಸ್ಟೂಲ್ ಕೇಳಿ. ಬೆಳಗ್ಗೆಯಿಂದ ನಿಂತೇ ಇದ್ದೇವೆ." ನನ್ನ ಮೈ ಉರಿದುಹೋಯಿತು. ದಿನವಿಡೀ ಸೀಟಿನ ಗುಣಗಾನ ಮಾಡುವವನಿಗೆ ಕೂರಲು ಸೀಟಿಲ್ಲ! ಸಂಜೆಯೊಳಗೆ ನಾಲ್ಕು ಸ್ಟೂಲ್ ತರಿಸಿಯೇ ಎದ್ದೆ.

"ಬೈಕ್ ಹೇಗಿದೆ?" ಎಂದಳು ಹೆಂಡತಿ.

"ಸ್ಟೂಲ್ ಗಟ್ಟಿಯಾಗಿವೆ" ಎಂದೆ.

ವಡೋದರಾ ಸಮಿತಿ

ವಡೋದರೆಯಲ್ಲಿ ಸರ್ಕಾರಿ ಕಾರ್ಖಾನೆಯ ಟೆಂಡರ್ ವಿಭಾಗದ ಎಂಜಿನಿಯರ್ ಒಬ್ಬರಿದ್ದರು, ಧಾರವಾಡದ ಕಡೆಯವರು. ಸಲಹೆ ಕೇಳಿದೆ. ಭಾನುವಾರ ಮನೆಗೆ ಕರೆದರು. ಹೋದರೆ ಇನ್ನಿಬ್ಬರು ಸಹೋದ್ಯೋಗಿಗಳು ಉಪ್ಪಿಟ್ಟು ತಿನ್ನುತ್ತ ಕೂತಿದ್ದರು. "ಇದು ಸಮಿತಿ" ಎಂದರು. ನಾನು ಬೆಲೆಪಟ್ಟಿ ತೆಗೆದದ್ದೇ ತಡ, ಅಂಗೈಯಿಂದ ಮುಚ್ಚಿಬಿಟ್ಟರು. "ತಾಂತ್ರಿಕ ಪರಿಶೀಲನೆ ಮುಗಿಯೋತನಕ ರೇಟ್ ನೋಡಂಗಿಲ್ಲರೀ!" ಮೂರು ತಾಸು ತೂಕ, ಉದ್ದ, ಟ್ಯಾಂಕಿನ ಅಳತೆ ಬರೆದರು. ಕೊನೆಗೆ ಮೂವರೂ ಸಹಿ ಹಾಕಿದ ಹಾಳೆ ಕೊಟ್ಟರು: "ಬಂದದ್ದು ಎರಡೇ. ಸ್ಪರ್ಧೆ ಸಾಲದು. ಮರುಟೆಂಡರ್ ಕರೆಯುವುದು."

ವಸ್ತ್ರಾಪುರದ ಕೆರೆಗೆ ಎರಡು ಸುತ್ತು

ಅಹಮದಾಬಾದಿನ ವಸ್ತ್ರಾಪುರದಲ್ಲಿ ನನ್ನ ಭಾವಮೈದುನನ ದೋಸೆ ಅಂಗಡಿ. ಅವನು ಗಿರಾಕಿಗಳಿಂದ ಎರಡೂ ಬೈಕ್ ಎರವಲು ತಂದ. ತೀರ್ಪು ಕೊಡಲು ಹೆಂಡತಿಯೂ ಬಂದಳು.

ಮೊದಲು ಕೆಂಪು ಬೈಕ್. ಕೆರೆ ಸುತ್ತುವಷ್ಟರಲ್ಲಿ ದೂರುಗಳ ಮಳೆ. "ಮಂಡಿ ಎಲ್ಲಿಡಲಿ? ಹಿಡಿಯೋಕೆ ಏನಿದೆ? ಹಳ್ಳ ನೋಡ್ರೀ!"

ಆಮೇಲೆ ಕಪ್ಪು ಬೈಕ್. ಅಭ್ಯಾಸಬಲ, ಗೇರ್ ಎಂದು ಎಡಗಾಲು ಒತ್ತಿದೆ. ಅದು ಬ್ರೇಕ್. ಮತ್ತೆ ಒತ್ತಿದೆ, ಮತ್ತೆ ಬ್ರೇಕ್. "ಮೊದಲು ಗೇರ್ ಹುಡುಕಿ, ಆಮೇಲೆ ಹತ್ತುತ್ತೇನೆ" ಎಂದು ಅವಳು ಇಳಿದದ್ದು ಆ ಗುಡುಗಿನಲ್ಲಿ ನನಗೆ ಗೊತ್ತಾಗಲೇ ಇಲ್ಲ. ಬಲಗಾಲಿಗೆ ಗೇರ್ ಸಿಕ್ಕಿತು. ಹೊರಟೆ.

ದಾರಿಯುದ್ದಕ್ಕೂ ಕೂಗಿ ಕೂಗಿ ಬೈಕಿನ ಗುಣ ವಿವರಿಸಿದೆ. ಒಂದು ದೂರಿಲ್ಲ, ಒಂದು ಅಡ್ಡಮಾತಿಲ್ಲ. ಇಪ್ಪತ್ತು ವರ್ಷ ಭಾಷಣ ಮಾಡಿದ್ದೇನೆ, ಇಷ್ಟು ಶಾಂತವಾಗಿ ಯಾರೂ ಕೇಳಿರಲಿಲ್ಲ. ಇದೇ ನಮ್ಮ ಬೈಕ್ ಎಂದು ತೀರ್ಮಾನಿಸಿ ಅಂಗಡಿಯ ಮುಂದೆ ನಿಲ್ಲಿಸಿದೆ.

ಹೆಂಡತಿ ಬೆಂಚಿನ ಮೇಲೆ ಕಾಲು ಚಾಚಿ ಕೂತು ತಮ್ಮನ ಜೊತೆ ಮಸಾಲೆದೋಸೆ ಮುಗಿಸುತ್ತಿದ್ದಳು.

"ಇದನ್ನೇ ತಗೊಳ್ಳಿ" ಎಂದಳು. "ನೀವು ಸುತ್ತು ಹೊಡೆದು ಬರುವಷ್ಟು ಹೊತ್ತು ನಾನು ಎಷ್ಟು ಆರಾಮಾಗಿದ್ದೆ ಗೊತ್ತಾ!"