ಕರುಳಿನ ಚೀಲ ಹೊತ್ತು ಮದುವಣಗಿತ್ತಿಯನ್ನು ಎತ್ತಿದ್ದು

ದೇವರು ಮನುಷ್ಯನಿಗೆ ಕೊಟ್ಟ ದೊಡ್ಡ ವರ ಬುದ್ಧಿಯೆಂದು ಬಲ್ಲವರು ಹೇಳುತ್ತಾರೆ. ನನ್ನನ್ನು ಕೇಳಿದರೆ ಮೂತ್ರಚೀಲ ಎನ್ನುತ್ತೇನೆ. ಬುದ್ಧಿಯಿಲ್ಲದೆಯೂ ನಾನು ಚಿಂತಾಮಣಿಯಲ್ಲಿ ಬಹಳ ಕಾಲ ಮೇಷ್ಟರಾಗಿದ್ದೆ, ಯಾರೂ ಗಮನಿಸಲಿಲ್ಲ. ಆದರೆ ಮೂತ್ರಚೀಲದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಾಗ ಬೆಂಗಳೂರಿನ ಡಾಕ್ಟರು ಅದನ್ನು ತೆಗೆದು, ನನ್ನ ಸಣ್ಣ ಕರುಳಿನ ತುಂಡಿನಿಂದಲೇ ಹೊಸ ಚೀಲ ಹೊಲಿದು ಕೂರಿಸಿದರು. ಊರಿಗೆಲ್ಲ "ಹೊಟ್ಟೆ ಆಪರೇಷನ್" ಎಂದಷ್ಟೇ ಹೇಳಿದೆವು. ನಿಜ ಗೊತ್ತಿದ್ದದ್ದು ಹೆಂಡತಿ ಸರೋಜಳಿಗೆ ಮಾತ್ರ. "ಊಟದ ಕೆಲಸದೋನ್ನ ನೀರಿನ ಕೆಲಸಕ್ಕೆ ಹಾಕಿದ್ರೆ ಮಾಡ್ತಾನೇನ್ರೀ?" ಎಂದು ಅವಳು ಅನುಮಾನಪಟ್ಟಳು.

ಮಾಡುತ್ತಾನೆ, ಆದರೆ ಪಳಗಿಸಬೇಕು. ಕೊಳವೆಯಾಗಿದ್ದರೆ ಕರುಳು ಹಳೇ ಚಾಳಿಯಂತೆ ಹಿಂಡಿ ಮುಂದಕ್ಕೆ ತಳ್ಳುತ್ತದಂತೆ. ಅದಕ್ಕೇ ಅದನ್ನು ಉದ್ದಕ್ಕೆ ಸೀಳಿ, ಮಡಿಸಿ, ಗುಂಡಗೆ ಹೊಲಿಯುತ್ತಾರೆ. ಆಗ ಒಂದು ಕಡೆ ಹಿಂಡಿದರೂ ಇನ್ನೊಂದು ಕಡೆ ಸಡಿಲವಿದ್ದು ಒತ್ತಡ ಏರುವುದಿಲ್ಲ. ನೀರು ತೆಪ್ಪಗೆ ನಿಲ್ಲುತ್ತದೆ. ಕೆಳಗೆ ಸೋರದಂತೆ ತಡೆಯುವ ಸ್ನಾಯು ಮಾತ್ರ ನನ್ನ ಹಳೆಯದೇ. ಆದರೆ ತುಂಬಿದೆ ಎಂದು ಈ ಚೀಲ ಮೊದಲಿನದರಂತೆ ಹೇಳುವುದಿಲ್ಲ. ಗಡಿಯಾರ ನೋಡಿ ಹೋಗಿ, ಕೂತು, ಸ್ನಾಯು ಸಡಿಲಿಸಿ, ಹೊಟ್ಟೆ ಮುಕ್ಕಿರಿದು ಖಾಲಿ ಮಾಡಬೇಕು. ಹೊಟ್ಟೆಯ ಮೇಲೆ ಒತ್ತಡ ಬಿದ್ದರೆ ಹರಿಯುತ್ತದೆ ಎಂದಮೇಲೆ, ಕೆಮ್ಮಿದಾಗ, ಭಾರ ಎತ್ತಿದಾಗ ಸ್ನಾಯುವನ್ನು ನಾನೇ ಬಿಗಿಹಿಡಿಯಬೇಕು.

ಹೀಗಿರುವಾಗ ಕೆಂಚಾರ್ಲಹಳ್ಳಿಯ ಅಕ್ಕನ ಮಗಳು ಭವ್ಯಳ ಮದುವೆ ಗೊತ್ತಾಯಿತು. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗನನ್ನು ಅವಳೇ ಮೆಚ್ಚಿಕೊಂಡಿದ್ದಳು. ಜಾತಿ ಬೇರೆ. ನೆಂಟರಲ್ಲಿ ಅರ್ಧ ಮಂದಿ ಮುನಿಸಿಕೊಂಡಿದ್ದರು. ನನಗೆ ಹುಡುಗ ಹಿಡಿಸಿದ್ದ. ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಹೊಳೆದಿರಲಿಲ್ಲ. ಸೋದರಮಾವನಾದ ನಾನು ಮದುವಣಗಿತ್ತಿಯನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕಿತ್ತು. "ಕೈ ಹಿಡ್ಕೊಂಡು ನಡೆಸಿದ್ರೆ ಸಾಲ್ದಾ? ಡಾಕ್ಟ್ರು ಭಾರ ಎತ್ಬೇಡಿ ಅಂದವ್ರೆ" ಎಂದು ಸರೋಜ ಗದರಿದಳು. ಎತ್ತದಿದ್ದರೆ ನಾನೂ ಮುನಿದವರ ಗುಂಪಿಗೆ ಸೇರಿದೆನೆಂದು ಅಕ್ಕ ನೊಂದಾಳು. ಬಾಗಿಲು ಹಾಕಿಕೊಂಡು ರಾಗಿ ಮೂಟೆ ಎತ್ತಿ ಅಭ್ಯಾಸ ಮಾಡಿದೆ. ಮೊದಲ ಸಲ ಮೂಟೆ ಮೇಲೆದ್ದಿತು, ಪಂಚೆ ನೆನೆಯಿತು. ಬರಬರುತ್ತಾ ಪಂಚೆಯೂ ಒಣಗಿಯೇ ಉಳಿಯಿತು.

ಮುಹೂರ್ತದ ಹೊತ್ತಿಗೆ ಸ್ನಾಯು ಬಿಗಿದು, ಉಸಿರು ಹದ ಮಾಡಿ, ಭವ್ಯಳನ್ನು ಎತ್ತಿದೆ. ಹುಡುಗಿ ರಾಗಿಗಿಂತ ಭಾರವಿದ್ದಳು. ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಿದ್ದಾಗ ಅವಳು ಕಿವಿಯಲ್ಲಿ ಮೆಲ್ಲಗೆ ಏನೋ ಅಂದಳು. ಬಾಯಿ ತೆರೆದರೆ ಬಿಗಿ ತಪ್ಪೀತೆಂದು ನಾನು ಹಲ್ಲು ಕಚ್ಚಿಕೊಂಡೇ ಇದ್ದೆ. ಮಂಟಪ ಮುಟ್ಟಿದೆ. ಒಂದು ಹನಿಯೂ ಸೋರಲಿಲ್ಲ. ದಿಗ್ವಿಜಯ ಸಾಧಿಸಿದವನಂತೆ ನೇರ ಬಚ್ಚಲಿಗೆ ನಡೆದೆ.

ಆಮೇಲೆ ಭವ್ಯ ನಮ್ಮ ಮನೆ ಕಡೆ ತಲೆಹಾಕಲೇ ಇಲ್ಲ. ಹಬ್ಬಕ್ಕೆ ಕರೆದರೂ ಬರಲಿಲ್ಲ. ಕೊನೆಗೆ ಅಕ್ಕ ಫೋನಿನಲ್ಲಿ ಬಾಯಿಬಿಟ್ಟಳು: "ನಿಂಗೆ ಒಪ್ಪಿಗೆ ತಾನೆ ಮಾವ ಅಂತ ಅವತ್ತು ಕೇಳಿದ್ಳಂತೆ ಕಣೋ. ನೀನು ಮುಖ ಗಂಟು ಹಾಕ್ಕೊಂಡು, ಇಳಿಸಿ ಹೊರಟೇ ಹೋದ್ಯಂತೆ." ಮದುವೆಯ ಫೋಟೋ ತೆಗೆದು ನೋಡಿದೆ. ಅಲ್ಲಿದ್ದವನು ಮದುವಣಗಿತ್ತಿಯನ್ನು ಹೊತ್ತ ಮಾವನಲ್ಲ, ಕೋರ್ಟಿನಲ್ಲಿ ಸೋತು ಬಂದ ದಾಯಾದಿ.

ಮರುದಿನವೇ ಗೌರಿಬಿದನೂರಿನ ಬಸ್ಸು ಹತ್ತಿದೆ. ಅವಳ ಮನೆಯಲ್ಲಿ ಕೂತು, ನಾಚಿಕೆ ಬಿಟ್ಟು, ಕರುಳು, ಚೀಲ, ಸ್ನಾಯು, ರಾಗಿ ಮೂಟೆ ಎಲ್ಲವನ್ನೂ ಹೇಳಿದೆ. ಭವ್ಯ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ಒಂದು ಹೂಂ ಅಂದಿದ್ರೆ ಸಾಕಿತ್ತು ಮಾವ," ಎಂದಳು. "ಅವತ್ತು ತಾಳಿ ಕಟ್ಟಿಸ್ಕೊಳ್ಳೋವಾಗ್ಲೂ ನಿನ್ನೇ ಹುಡುಕ್ತಿದ್ದೆ. ಇರ್ಲಿ, ಕಾಫಿಗೆ ಸಕ್ಕರೆ ಹಾಕ್ಲಾ?"

ಹೂಂ ಅನ್ನಲು ಬಾಯಿ ತೆರೆಯಬೇಕಾಗಿಯೇ ಇಲ್ಲವೆಂದು ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಆಗ ಹೊಳೆಯಿತು. "ಹೂಂ" ಎಂದೆ. ಕಾಫಿಗೆ ಸಕ್ಕರೆ ಬೇಕೆನ್ನುತ್ತಿದ್ದೇನೆಂದು ತಿಳಿದು ಅವಳು ಒಳಗೆ ಹೋದಳು.